ಕಾಲೇಜುಗಳು ಒಟ್ಟಿಗೆ ಕೂತ್ರೆ ಮಾತ್ರ ಸಿಗೋ ಆ ನಲವತ್ತು ಪರ್ಸೆಂಟ್ ದುಡ್ಡು ಯಾರ ಕೈಲಿರುತ್ತೆ?

ನಮ್ಮೂರು ತುಮಕೂರು, ಈಗಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಕಂಡ ಒಂದು ವ್ಯವಸ್ಥೆ ನಮ್ಮೂರ ಐಟಿಐಗಳಿಗೂ ಬೇಕು ಅನ್ಸುತ್ತೆ. ಇಲ್ಲಿ ಕಮ್ಯುನಿಟಿ ಕಾಲೇಜು ಅಂದ್ರೆ ಸರ್ಕಾರಿ ದುಡ್ಡಲ್ಲಿ ನಡೆಯೋ ಎರಡು ವರ್ಷದ ಕಾಲೇಜು, ಈ ರಾಜ್ಯದವ್ರಿಗೆ ಒಂದು ಯೂನಿಟ್ಟಿಗೆ, ಅಂದ್ರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್ ಫೀಸು, ಕಾರ್ ರಿಪೇರಿಯಿಂದ ಹಿಡಿದು ಬಯೋಟೆಕ್ ಲ್ಯಾಬ್ ಕೆಲಸದ ತನಕ ಕಲಿಸ್ತಾರೆ, ಹದಿನೆಂಟರ ಹುಡುಗನ ಪಕ್ಕ ನಲವತ್ತೈದರ ತಾಯಿ ಕೂತು ನೋಟ್ಸ್ ಬರ್ಕೊಳ್ತಿರ್ತಾರೆ. ಕೆಲಸ ಕಲಿಸೋ ಕೋರ್ಸಿಗೆ ಆ ಫೀಲ್ಡಲ್ಲಿ ದುಡಿಯೋರ ಸಲಹಾ ಸಮಿತಿ ಇರ್ಲೇಬೇಕು, ನಮ್ಮ ಕಂಪನಿಯಿಂದ ನಾನು ಅಂಥ ಒಂದು ಸಮಿತೀಲಿದೀನಿ.

ಅಲ್ಲಿ ಗೊತ್ತಾಗಿದ್ದೇನಂದ್ರೆ ಇಂಥ ಹೊಸ ಕೋರ್ಸನ್ನ ಕಾಲೇಜಿನವ್ರು ಮನಸ್ಸು ಬಂದಂಗೆ ಶುರು ಮಾಡೋಕಾಗಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಬೇ ಏರಿಯಾದ 28 ಕಾಲೇಜುಗಳದ್ದು ಒಂದು ಒಕ್ಕೂಟ ಇದೆ, ಈ ಕೆಲಸಕ್ಕೆ ನಮ್ಮ ಕಡೆ ಎಷ್ಟು ಜನ ಬೇಕು, ಅಕ್ಕಪಕ್ಕದ ಕಾಲೇಜುಗಳಲ್ಲಿ ಇದನ್ನೇ ಕಲಿತು ಎಷ್ಟು ಜನ ಆಚೆ ಬರ್ತಿದಾರೆ ಅಂತ ಕಾಲೇಜಿನವ್ರು ಅಲ್ಲಿ ಲೆಕ್ಕ ತೋರಿಸ್ಬೇಕು, ಅವ್ರು ಶಿಫಾರಸು ಮಾಡಿದ್ಮೇಲೇನೇ ರಾಜಧಾನಿ ಸ್ಯಾಕ್ರಮೆಂಟೋಗೆ ಫೈಲು ಹೋಗೋದು.

ಇವ್ರೇನು ಪರಸ್ಪರ ಪ್ರೀತಿಯಿಂದ ಒಟ್ಟಾದವ್ರಲ್ಲ. ಕಾಲೇಜಿಗೆ ಬರೋ ದುಡ್ಡಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳ ಸಂಖ್ಯೆ ಮೇಲೆ ನಿಂತಿರೋದ್ರಿಂದ ಪಕ್ಕದ ಕಾಲೇಜು ಅಂದ್ರೆ ಪೈಪೋಟಿನೇ. 2016ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಕೆಲಸ ಕಲಿಸೋ ಕೋರ್ಸುಗಳಿಗೆ ಸ್ಟ್ರಾಂಗ್ ವರ್ಕ್‌ಫೋರ್ಸ್ ಅನ್ನೋ ಸ್ಕೀಮಲ್ಲಿ ವರ್ಷಕ್ಕೆ 20 ಕೋಟಿ ಡಾಲರ್ ತೆಗೆದಿಟ್ಟು, ನೂರರಲ್ಲಿ 60 ಕಾಲೇಜುಗಳ ಸ್ವಂತ ಪಾಲು, ಉಳಿದ 40 ಇಡೀ ಪ್ರದೇಶದ್ದು ಅಂತ ಮಾಡ್ತು. ಆ 40 ಬೇಕಾದ್ರೆ ಒಟ್ಟಿಗೆ ಕೂತು ಪ್ಲಾನ್ ಹಾಕ್ಬೇಕು. ಜೊತೆಗೆ ದುಡ್ಡಲ್ಲಿ ಸ್ವಲ್ಪ ಭಾಗ ಫಲಿತಾಂಶ ನೋಡಿ ಕೊಡೋದು, ಕಲಿತವ್ರಿಗೆ ಕೆಲಸ ಸಿಕ್ತಾ, ಸಂಬಳ ಜಾಸ್ತಿ ಆಯ್ತಾ ಅಂತ. ದುಡ್ಡಿಗೆ ಹಾಕಿದ ಈ ಷರತ್ತು ಇಲ್ದೇ ಹೋಗಿದ್ರೆ ಆ ಮೀಟಿಂಗುಗಳು ಟೀ ಕುಡಿಯೋದ್ರಲ್ಲೇ ಮುಗೀತಿದ್ವು ಅಂತ ನನ್ನ ನಂಬಿಕೆ.

ಎಲ್ಲಾ ಚೆನ್ನಾಗಿದೆ ಅಂತಲ್ಲ. ಒಪ್ಪಿಗೆಗೆ ತುಂಬಾ ಟೈಮ್ ಹಿಡಿಯುತ್ತೆ. ಇನ್ನೊಂದು, ಇದೇ ಬೇ ಏರಿಯಾದ ಓಕ್‌ಲೆಂಡಲ್ಲಿ ಆ ಕೋರ್ಸ್ ಇದೆಯಲ್ಲ ಅಂತ ಫ್ರೀಮಾಂಟಲ್ಲಿ ಬೇಡ ಅನ್ನೋದು ಲೆಕ್ಕಕ್ಕೆ ಸರಿ ಕಾಣುತ್ತೆ, ಆದ್ರೆ ಡ್ಯೂಟಿ ಮುಗ್ಸಿ ಮಗೂನ ಕರ್ಕೊಂಡು ಬಂದು ಸಂಜೆ 880 ಹೈವೇ ಟ್ರಾಫಿಕ್ಕಲ್ಲಿ ಅಲ್ಲಿಗೆ ಹೋಗೋಕೆ ಆ ತಾಯಿಗೆ ಆಗುತ್ತಾ? ಈ ಮಾತು ಮೀಟಿಂಗಲ್ಲಿ ಎತ್ತೋವ್ರು ಕಮ್ಮಿ.

ನನ್ ಅಕ್ಕನ ಮಗ ಊರಲ್ಲಿ ಎರಡು ವರ್ಷ ಐಟಿಐ ಫಿಟ್ಟರ್ ಮಾಡ್ದ. ಕಂಪ್ಯೂಟರ್ ಹೇಳಿದಂಗೆ ಲೋಹ ಕೊರೆಯೋ ಸಿಎನ್‌ಸಿ ಮಷೀನ್ ಮುಟ್ಟಿದ್ದು ಕೆಲಸಕ್ಕೆ ಸೇರಿದ್ಮೇಲೆ, ದಾಬಸ್‌ಪೇಟೆ ಫ್ಯಾಕ್ಟರೀಲಿ, ಅಲ್ಲಿ ಮತ್ತೆ ಅಆಇಈಯಿಂದ ಹೇಳಿಕೊಟ್ರಂತೆ, ಅಷ್ಟೂ ತಿಂಗಳು ಅರ್ಧ ಸಂಬಳ. ಅವನು ಫೋನಲ್ಲಿ ಹೇಳ್ವಾಗ ನಂಗೆ ಹೊಟ್ಟೆ ಉರೀತು. ತುಮಕೂರು ಸುತ್ತ ಈಗ ಏನಿಲ್ಲ? ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ, ಗುಬ್ಬೀಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಇದೆ. ದಾಬಸ್‌ಪೇಟೆ ಇರೋದು ಪಕ್ಕದ ಜಿಲ್ಲೇಲಿ, ಆದ್ರೆ ನಮ್ಮ ಹುಡುಗ್ರು ಬೆಳಗ್ಗೆ ಬಸ್ ಹತ್ತುವಾಗ ಜಿಲ್ಲೆ ಗಡಿ ನೋಡಲ್ಲ. ಐಟಿಐ ಒಂದು ಇಲಾಖೆ, ಪಾಲಿಟೆಕ್ನಿಕ್ ಇನ್ನೊಂದು ಇಲಾಖೆ, ಹಿಂಗಿರುವಾಗ ಇವ್ರನ್ನೆಲ್ಲ ಒಟ್ಟಿಗೆ ಕೂರ್ಸೋರು ಯಾರು?

ದುಡ್ಡು ಬರ್ತಿಲ್ಲ ಅಂತಲೂ ಅಲ್ಲ. 2022ರಲ್ಲಿ ಕರ್ನಾಟಕದ 150 ಐಟಿಐಗಳಿಗೆ ಹೊಸ ಮಷೀನ್ ಬಂದ್ವು. ಕೇಂದ್ರ ಸರ್ಕಾರದ 2025ರ ಪಿಎಂ ಸೇತು ಸ್ಕೀಮಲ್ಲಿ ದೇಶದ 1000 ಐಟಿಐಗಳನ್ನ 200 ಹಬ್ಬು, 800 ಸ್ಪೋಕು ಅಂತ ಜೋಡಿಸ್ತಾರಂತೆ, ಒಂದು ದೊಡ್ಡದಕ್ಕೆ ನಾಲ್ಕು ಚಿಕ್ಕವು. ಒಳ್ಳೇ ಯೋಚನೆ, ಮನಸಾರೆ ಹೇಳ್ತೀನಿ. ಆದ್ರೆ ಆ ನಾಲ್ಕು ಚಿಕ್ಕ ಐಟಿಐಗಳ ಪ್ರಿನ್ಸಿಪಾಲರು, ಪಕ್ಕದ ಪಾಲಿಟೆಕ್ನಿಕ್‌ನವ್ರು, ದಾಬಸ್‌ಪೇಟೆ ಫ್ಯಾಕ್ಟರಿ ಮ್ಯಾನೇಜರುಗಳು ಒಟ್ಟಿಗೆ ಕೂರ್ಬೇಕು, ವೆಲ್ಡಿಂಗ್ ನಿಮ್ಮಲ್ಲಿ ಸಿಎನ್‌ಸಿ ನಮ್ಮಲ್ಲಿ ಅಂತ ಅವ್ರೇ ಹಂಚ್ಕೊಬೇಕು, ಹುಡುಗ್ರಿಗೆ ಬಸ್ ಎಲ್ಲಿಂದ ಎಲ್ಲಿಗಿದೆ ಅಂತಲೂ ಅಲ್ಲೇ ನೋಡ್ಬೇಕು, ಮತ್ತೆ ಬರೋ ದುಡ್ಡಲ್ಲಿ ಒಂದು ಪಾಲು ಅವ್ರೆಲ್ಲ ಒಟ್ಟಿಗೆ ಸಹಿ ಹಾಕಿದ್ರೆ ಮಾತ್ರ ಬಿಡುಗಡೆ ಆಗ್ಬೇಕು. ತುಮಕೂರಲ್ಲೇ ಇದನ್ನ ಮೊದಲು ಮಾಡಿ ನೋಡ್ಬಹುದು.