ಕಿಟ್ಟಕ್ಕೆ ದೇವರ ಟೈಲ್ಸು

ಪುಣೆಯ ಭೋಸರಿಯಲ್ಲಿ ನಮ್ಮ ಚಾಳಿನ ಹಿಂದೆ ಒಂದು ಖಾಲಿ ಪ್ಲಾಟ್ ಇದೆ. ಮಳೆಗಾಲ ಶುರುವಾದರೆ ಸಾಕು, ಅಲ್ಲಿಂದ ಬಸ್‌ಸ್ಟ್ಯಾಂಡ್ ಶೌಚಾಲಯದ ವಾಸನೆ, ಮೂಗು ಉರಿಯುವಷ್ಟು. ದೂರು ಕೊಟ್ಟೆವು. ಸಾಹೇಬರು ಬಂದರು, ಕರ್ಚೀಫಿನೊಳಗಿಂದಲೇ ತೀರ್ಪು ಕೊಟ್ಟರು: ಜನಕ್ಕೆ ಶಿಸ್ತಿಲ್ಲ. ಮರುವಾರ ಗೋಡೆ ತುಂಬ ದೇವರ ಟೈಲ್ಸು. ಗಣಪತಿ, ಸಾಯಿಬಾಬಾ, ಶಿಲುಬೆ, ಮೆಕ್ಕಾ. ಪಕ್ಕದಲ್ಲಿ ‘ಇಲ್ಲಿ ಮೂತ್ರ ಮಾಡಿದರೆ ದಂಡ’ ಅಂತ ಬೋರ್ಡು.

ಮತ್ತೆ ಮಳೆ ಬಂತು. ವಾಸನೆಯೂ ಬಂತು. ದೇವರುಗಳು ಸುಮ್ನೆ ನೋಡುತ್ತಿದ್ದರು.

ಪಕ್ಕದ ಖೋಲಿಯಲ್ಲಿ ಇಂಡಿ ಕಡೆಯ ಹುಡುಗನಿದ್ದಾನೆ, ಅಲ್ಯೂಮಿನಿಯಂ ಭಟ್ಟಿಯಲ್ಲಿ ಕೆಲಸ. ಒಮ್ಮೆ ಮೂಸಿ ನೋಡಿ, "ಇದು ಉಚ್ಚೆ ಅಲ್ರೀ ಅಣ್ಣಾ, ಡ್ರಾಸ್" ಅಂದ. ಗುಜರಿಯನ್ನು 660 ಡಿಗ್ರಿ ದಾಟಿಸಿ ಕರಗಿಸಿದರೆ ಹಾಲಿಗೆ ಕೆನೆ ಕಟ್ಟಿದ ಹಾಗೆ ಮೇಲೆ ಕಿಟ್ಟ ಕಟ್ಟುತ್ತದೆ, ಅದೇ ಡ್ರಾಸ್. ಅದರಲ್ಲಿ ಆಕ್ಸೈಡ್ ಇರುತ್ತದೆ, ಸಿಕ್ಕಿಬಿದ್ದ ಲೋಹ ಇರುತ್ತದೆ, ಗಾಳಿಯ ಸಾರಜನಕ ಸೇರಿ ಆದ ನೈಟ್ರೈಡ್ ಕೂಡ ಇರುತ್ತದೆ. ಆ ನೈಟ್ರೈಡಿಗೆ ನೀರು ಬಿದ್ದರೆ ಅಮೋನಿಯಾ, ಹಳೇ ಉಚ್ಚೆಯದ್ದೇ ವಾಸನೆ. ಅಂದರೆ ದಂಡ ಹಾಕಲೇಬೇಕಾದರೆ ಮುಂಗಾರಿಗೆ ಹಾಕಬೇಕು, ಅಲ್ವಾ?

ಕಿಟ್ಟದಲ್ಲಿ ಲೋಹ ಇರುವ ತನಕ ಅದಕ್ಕೆ ಅಪ್ಪಂದಿರು ಜಾಸ್ತಿ. ಒಬ್ಬ ಬಿಸಿಯಿರುವಾಗಲೇ ಹಿಂಡುತ್ತಾನೆ. ಇನ್ನೊಬ್ಬ ಉಪ್ಪು ಹಾಕಿ, ತಿರುಗುವ ಭಟ್ಟಿಯಲ್ಲಿ ಮತ್ತೆ ಕಾಯಿಸಿ ಇನ್ನಷ್ಟು ಬಸಿಯುತ್ತಾನೆ. ಮತ್ತೊಬ್ಬ ಕುಟ್ಟಿ, ಜರಡಿ ಹಿಡಿದು ಕಾಳು ಕಾಳಾಗಿ ಆರಿಸುತ್ತಾನೆ. ಅಲ್ಲಿಯವರೆಗೆ ಅದರ ಹೆಸರು ಮಾಲು, ತೂಕದಲ್ಲಿ ನೂರು ಗ್ರಾಂ ಕಮ್ಮಿ ಬಂದರೂ ಜಗಳ. ಕೊನೆಯ ಕಾಳು ಹೋಯಿತೋ, ಬೂದಿ ಅನಾಥ. ಆಮೇಲೆ ರಾತ್ರಿ ಎರಡು ಗಂಟೆ, ಲೈಟ್ ಆರಿಸಿದ ಟೆಂಪೋ, ನಮ್ಮ ಪ್ಲಾಟು.

ಕಾನೂನು ಇಲ್ಲ ಅಂದುಕೊಳ್ಳಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿವೆ. ಕಾರ್ಖಾನೆಯವರು ಇಂಥದ್ದನ್ನು 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಸಾಗಿಸುವಾಗ ಜೊತೆಗೊಂದು ಚೀಟಿ, ಅದಕ್ಕೆ ಏಳು ಬಣ್ಣದ ಪ್ರತಿಗಳು: ಬಿಳಿ, ಹಳದಿ, ಗುಲಾಬಿ, ಕಿತ್ತಳೆ, ಹಸಿರು, ನೀಲಿ, ಕೊನೆಗೆ ಬೂದು. ಬಿಳಿ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿ ಕಳಿಸಿದವನಿಗೆ, ಗುಲಾಬಿ ಮಾಲು ಪಡೆದವನಿಗೆ, ಹೀಗೆ ಹೋಳಿ ಹಬ್ಬ. ಇಂಥ ಕಸಕ್ಕೆಂದೇ ರಂಜಣಗಾಂವ್‌ನಲ್ಲಿ ಜಾಗವೂ ಇದೆ. ಆದರೆ ಅಲ್ಲಿಗೆ ದುಡ್ಡು ಕಟ್ಟಬೇಕು, ನಮ್ಮಲ್ಲಿಗೆ ಬರೀ ಡೀಸೆಲ್ ಸಾಕು.

ಕಳೆದ ತಿಂಗಳು ಸ್ವಚ್ಛತೆ ನೋಡಲು ತಂಡ ಬರುತ್ತದೆ ಅಂತ ಸುದ್ದಿಯಾಯಿತು. ಧೂಳು ಏಳಬಾರದಲ್ಲ, ಟ್ಯಾಂಕರ್ ತರಿಸಿ ರಾಶಿಗೆ ಚೆನ್ನಾಗಿ ನೀರು ಹೊಡೆಸಿದರು. ರಾಶಿ ಸುಯ್ಯೆಂದು ನೊರೆಯಾಡಿತು. ತಂಡ ಕಾರಿನ ಗಾಜು ಇಳಿಸಲೇ ಇಲ್ಲ.

ಸಂಜೆ ಇಂಡಿಯ ಹುಡುಗ ಹೋಗಿ ಗೋಡೆಗೆ ಮುಖ ಮಾಡಿ ಬಗ್ಗಿ ನೋಡಿದ. ಬೂದಿಯಲ್ಲಿ ಜೋಳದ ಕಾಳಿನಷ್ಟು ಲೋಹ ಹೊಳೆಯುತ್ತಿತ್ತಂತೆ. ಹಿಂದಿನಿಂದ ಕಾವಲಿನವನು ಬಂದು ಕಾಲರ್ ಹಿಡಿದ. ಇವನು ನೈಟ್ರೈಡ್, ಅಮೋನಿಯಾ ಅಂತೆಲ್ಲ ಹೇಳಿದ. "ಹಾಗಾದ್ರೆ ಈ ವಾಸನೆ ನಮ್ಮಪ್ಪಂದಾ?" ಅಂದ ಅವನು. ಇನ್ನೂರು ರೂಪಾಯಿ ಬಿತ್ತು. ಆ ರಾಶಿಯ ವಿಷಯದಲ್ಲಿ ಇಲ್ಲಿಯವರೆಗೆ ಯಾರಿಗಾದರೂ ಬಿದ್ದ ದಂಡ ಅದೊಂದೇ.

ರಸೀದಿ ತೋರಿಸಿದ. ಗುಲಾಬಿ ಬಣ್ಣದ್ದು.