ಧೈರ್ಯ ನಮ್ಮ ಹತ್ರ ಇದೆ, ಬಾಗಿಲಿಗೆ ಚಿಲಕ ಎಲ್ಲಿ?

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರು ಜೋರಾಗಿ ಒಂದು ಪ್ರಶ್ನೆ ಕೇಳುತ್ತಾರೆ. "ಅಕ್ಕಾ, ಮಗಳಿಗೆ ಸ್ವಿಮ್ಮಿಂಗ್ ಡ್ರೆಸ್ ಎಲ್ಲಿ ಸಿಗುತ್ತೆ?" ಆಮೇಲೆ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಅಂತ ನೋಡಿಕೊಂಡು ಇನ್ನೊಂದು ಪ್ರಶ್ನೆ ಮೆಲ್ಲಗೆ ಬರುತ್ತದೆ. "ನಮ್ಮಂಥವರಿಗೂ ಇರ್ತಾವೇನ್ರಿ ಅವು?"

ಇರುತ್ತವೆ. ಎಲ್ಲಾ ಸೈಜಿನಲ್ಲೂ ಇರುತ್ತವೆ. ಆದರೆ ಅವರು ಕೇಳುತ್ತಿರುವುದು ಸೈಜಿನ ಬಗ್ಗೆ ಅಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ದಾವಣಗೆರೆಯಲ್ಲಿ ಬ್ಲೌಸ್ ಹೊಲಿದು ಹೊಲಿದು ನನಗೆ ಒಂದು ವಿಷಯ ಖಾತ್ರಿಯಾಗಿದೆ. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಎಲ್ಲರೂ ಉಸಿರು ಒಳಗೆ ಎಳೆದುಕೊಳ್ಳುತ್ತಾರೆ. ಕಾಲೇಜು ಹುಡುಗಿಯೂ ಎಳೆದುಕೊಳ್ಳುತ್ತಾಳೆ, ಬ್ಯಾಂಕ್ ಮ್ಯಾನೇಜರ್ ಮೇಡಮ್ಮೂ ಎಳೆದುಕೊಳ್ಳುತ್ತಾರೆ. ನಾನು ಸುಮ್ನೆ ಏನಾದರೂ ಮಾತಾಡುತ್ತಾ ಕಾಯುತ್ತೇನೆ. ಉಸಿರು ಬಿಟ್ಟ ಮೇಲೆ ಬರೆದುಕೊಳ್ಳುವುದೇ ಸರಿಯಾದ ಅಳತೆ. ತಾಯಂದಿರಾದರೆ ಇದರ ಜೊತೆ ಒಂದು ಸಮಜಾಯಿಷಿಯನ್ನೂ ಕೊಡುತ್ತಾರೆ. "ಸಿಸೇರಿಯನ್ ಆದ್ಮೇಲೆ ಹಿಂಗಾತ್ರಿ." "ಬಾಣಂತನದಾಗ ಹೊಟ್ಟೆ ಸರಿಯಾಗಿ ಕಟ್ಟಲಿಲ್ಲ, ಅದಕ್ಕ." ನಾನು ಕೇಳಿರುವುದೇ ಇಲ್ಲ. ಆದರೂ ಕ್ಷಮೆ ಕೇಳುವ ದನಿಯಲ್ಲಿ ಹೇಳುತ್ತಾರೆ.

ಹೊಟ್ಟೆ ಕಟ್ಟದೆ ಇದ್ದದ್ದಕ್ಕೆ ಹೀಗಾಯಿತು ಅನ್ನುವ ಮಾತನ್ನು ನಮ್ಮ ಕಡೆ ಪ್ರತಿ ಸೊಸೆಯೂ ಕೇಳಿರುತ್ತಾಳೆ. ಆದರೆ ಒಳಗೆ ಆಗುವುದೇ ಬೇರೆ. ಮಗು ಬೆಳೆಯುವಾಗ ಹೊಟ್ಟೆಯ ಮಧ್ಯದ ಎರಡು ಉದ್ದನೆಯ ಸ್ನಾಯುಗಳು ಎಡಕ್ಕೂ ಬಲಕ್ಕೂ ಸರಿಯುತ್ತವೆ. ಸರಿಯಲೇಬೇಕು, ಇಲ್ಲದಿದ್ದರೆ ಮಗುವಿಗೆ ಜಾಗ ಎಲ್ಲಿ? ಹೆರಿಗೆಯಾದ ಮೇಲೆ ಕೆಲವರಿಗೆ ತಾನಾಗಿಯೇ ಹತ್ತಿರ ಬರುತ್ತವೆ, ಕೆಲವರಿಗೆ ಬರುವುದಿಲ್ಲ. ಬರದಿದ್ದರೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮ ಇದೆ. ಇನ್ನು ಆ ಬಿಳಿ ಗೆರೆಗಳು. ಚರ್ಮದ ಒಳಪದರ ಬೇಗ ಬೇಗ ಹಿಗ್ಗಿ ಹರಿದು ಕೂಡಿಕೊಂಡ ಗುರುತು ಅವು. ಮೊದಲು ಕೆಂಪಗೋ ನೇರಳೆಯಾಗೋ ಇರುತ್ತವೆ, ಬರುಬರುತ್ತಾ ಬೆಳ್ಳಗಾಗುತ್ತವೆ. ಪೂರ್ತಿ ಅಳಿಸಿಹಾಕುವ ಕ್ರೀಮು ಯಾವುದೂ ಇಲ್ಲ. ಆ ದುಡ್ಡಲ್ಲಿ ಒಳ್ಳೆಯ ಈಜುಡುಪೇ ಬರುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮೊಬೈಲ್ ತೆಗೆದರೆ ಸಾಕು, ತಾಯಂದಿರ ಈಜುಡುಪಿನ ಬಗ್ಗೆ ಎರಡು ಗುಂಪು ಕಾದಾಡುತ್ತಿರುತ್ತವೆ. ಒಂದು ಗುಂಪು "ಹೆದರಬೇಡಿ, ಬಿಕಿನಿ ಹಾಕಿ, ನಿಮ್ಮ ದೇಹವನ್ನು ಪ್ರೀತಿಸಿ" ಅನ್ನುತ್ತದೆ. ಇನ್ನೊಂದು ಗುಂಪು ಸಂಸ್ಕೃತಿ ಹಾಳಾಯಿತು ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಅಕ್ಕಮಹಾದೇವಿಯನ್ನೂ ಎಳೆದು ತರುತ್ತಾರೆ. ಅಕ್ಕನನ್ನು ದಯವಿಟ್ಟು ಬಿಡಿ, ಅವಳ ದಾರಿಯೇ ಬೇರೆ. ಎಂ.ಸಿ.ಸಿ. ಬಡಾವಣೆಯಲ್ಲೋ ನಿಟ್ಟುವಳ್ಳಿಯಲ್ಲೋ ಇರುವ, ಇಬ್ಬರು ಮಕ್ಕಳನ್ನು ಸಮ್ಮರ್ ಕ್ಯಾಂಪಿಗೆ ಬಿಟ್ಟು ದಂಡೆಯ ಮೇಲೆ ಟವೆಲ್ ಹಿಡಿದು ಕೂತಿರುವ ತಾಯಿಗೆ ಈ ಜಗಳದಿಂದ ಏನು ಸಿಕ್ಕಿತು? ಬಿಕಿನಿ ಬೇಕು ಅಂತ ಅವಳು ಕೇಳಿಯೇ ಇಲ್ಲ. ಏಪ್ರಿಲ್ ಬಿಸಿಲಿಗೆ ಬೆಂದು ಹೋಗಿದ್ದಾಳೆ. ನೀರಿಗೆ ಇಳಿಯಬೇಕು ಅಷ್ಟೇ.

ಬಿಕಿನಿಯ ಕಥೆಯನ್ನೇ ನೋಡಿ. 1946ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ರೆಯಾರ್ ಅನ್ನುವ ಡಿಸೈನರ್ ಅದನ್ನು ತೋರಿಸಲು ಹೊರಟಾಗ ಹಾಕಿಕೊಳ್ಳಲು ಮಾಡೆಲ್‌ಗಳು ಒಪ್ಪಲಿಲ್ಲ. ಕೊನೆಗೆ ಮಿಷೆಲಿನ್ ಬರ್ನಾರ್ಡಿನಿ ಅನ್ನುವ ಡ್ಯಾನ್ಸರ್ ಹಾಕಿಕೊಂಡು ಬಂದಳು. ಅಂದರೆ ಪ್ಯಾರಿಸ್ಸಿನವರೂ ಒಂದೇ ದಿನಕ್ಕೆ ಒಪ್ಪಿಕೊಂಡವರಲ್ಲ. ಅದೇ ಫ್ರಾನ್ಸಿನಲ್ಲಿ 2016ರಲ್ಲಿ ಏನಾಯಿತು? ಮೈತುಂಬಾ ಮುಚ್ಚುವ ಬುರ್ಕಿನಿಯನ್ನು ಹಲವು ಕಡಲತೀರದ ಊರುಗಳು ನಿಷೇಧಿಸಿದವು. ಈ ಉಡುಪನ್ನು ಸಿಡ್ನಿಯ ಅಹೇದಾ ಝನೆಟ್ಟಿ 2004ರಲ್ಲಿ ಮಾಡಿದ್ದರು. ನೀಸ್ ಕಡಲತೀರದಲ್ಲಿ ಪೊಲೀಸರು ಸುತ್ತ ನಿಂತು, ಒಬ್ಬ ಹೆಂಗಸು ಮೇಲಂಗಿ ತೆಗೆಯುತ್ತಿರುವ ಫೋಟೋ ಜಗತ್ತೆಲ್ಲಾ ಓಡಾಡಿತು. ಆಮೇಲೆ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯವೇ ಒಂದು ಊರಿನ ನಿಷೇಧಕ್ಕೆ ತಡೆ ಕೊಡಬೇಕಾಯಿತು. 2021ರಲ್ಲಿ ನಾರ್ವೆಯ ಹೆಣ್ಣುಮಕ್ಕಳ ಬೀಚ್ ಹ್ಯಾಂಡ್‌ಬಾಲ್ ತಂಡ ಬಿಕಿನಿ ಬಿಟ್ಟು ಚಡ್ಡಿ ಹಾಕಿ ಆಡಿದ್ದಕ್ಕೆ ದಂಡ ಬಿತ್ತು. ಅಲ್ಲಿ ಬಟ್ಟೆ ಜಾಸ್ತಿಯಾಯಿತು ಅಂತ ತಕರಾರು, ನಮ್ಮಲ್ಲಿ ಕಡಿಮೆಯಾಯಿತು ಅಂತ ತಕರಾರು. ಅಳತೆ ತೆಗೆಯುವವರು ಮಾತ್ರ ನೀರಿಗೆ ಇಳಿಯುವವರಲ್ಲ.

ನನಗೆ ಈ "ಬಾಡಿ ಕಾನ್ಫಿಡೆನ್ಸ್" ಉಪದೇಶದ ಮೇಲೆ ಸಿಟ್ಟಿದೆ. ಅದು ಎಲ್ಲಾ ಭಾರವನ್ನೂ ಹೆಂಗಸಿನ ತಲೆಯ ಮೇಲೇ ಹಾಕುತ್ತದೆ. ನೀನು ದಂಡೆಯ ಮೇಲೆ ಕೂತಿದ್ದೀಯಾ? ಹಾಗಾದರೆ ನಿನಗೆ ಧೈರ್ಯ ಇಲ್ಲ, ನಿನ್ನ ಮನಸ್ಸು ಸರಿಮಾಡಿಕೋ ಅನ್ನುತ್ತದೆ. ಅಲ್ರಿ, ಮನಸ್ಸನ್ನು ಆಮೇಲೆ ನೋಡೋಣ, ಮೊದಲು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬನ್ನಿ.

ನಾನು ಈಜು ಕಲಿಯಲು ಹೋದ ಕೊಳದಲ್ಲಿ ಹೆಂಗಸರ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತರೆ ಇನ್ನೊಬ್ಬಳು ಬಟ್ಟೆ ಬದಲಿಸಬೇಕು. ಒಬ್ಬಳೇ ಬಂದ ದಿನ ಬಕೆಟ್ ಒತ್ತರಿಸಿ ಇಡಬೇಕು. ಕೋಣೆಯಿಂದ ನೀರಿನವರೆಗೆ ಹೋಗುವ ದಾರಿ, ಮಕ್ಕಳನ್ನು ಬಿಡಲು ಬಂದ ಅಪ್ಪಂದಿರು ಮೊಬೈಲ್ ನೋಡುತ್ತಾ ಕೂರುವ ಬೆಂಚಿನ ಮುಂದೆಯೇ. ಅವರು ಮೊಬೈಲಿನಲ್ಲಿ ಏನು ಮಾಡುತ್ತಿದ್ದಾರೆ ಅಂತ ಯಾರಿಗೆ ಗೊತ್ತು? ಬಹುಶಃ ಶೇಂಗಾ ರೇಟು ನೋಡುತ್ತಿರಬಹುದು. ಆದರೆ ಕ್ಯಾಮೆರಾ ನಮ್ಮ ಕಡೆ ತಿರುಗಿರುತ್ತದೆ. ಲೇಡೀಸ್ ಬ್ಯಾಚ್ ಯಾವಾಗ ಅಂದರೆ ಬಿಸಿಲು ನೆತ್ತಿಗೆ ಬರುವ ಹೊತ್ತು, ಬೇರೆ ಯಾರಿಗೂ ಬೇಡವಾದ ಹೊತ್ತು. ಬೆಳಗಿನ ತಂಪು ಗಂಡಸರಿಗೆ, ಸಂಜೆಯ ತಂಪು ಕೋಚಿಂಗಿಗೆ.

ಮ್ಯಾನೇಜರ್ ಹತ್ತಿರ ಚಿಲಕ ಕೇಳಿದರೆ, "ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಮೇಡಂ" ಅಂದರು. ಹೇಗೆ ಕೇಳುತ್ತಾರೆ? ಕೇಳಬೇಕಾದವರು ಒಂದು ದಿನ ಬಂದು, ಬಾಗಿಲು ನೋಡಿ, ಮಾರನೇ ದಿನದಿಂದ ದಂಡೆಯ ಮೇಲೆ ಕೂತಿದ್ದಾರೆ. ಮೊದಲು ಒಂದು ಪರದೆ ಕಟ್ಟಿಸಿದರು. ಫ್ಯಾನ್ ಹಾಕಿದರೆ ಹಾರುವ ಪರದೆ! ಕೊನೆಗೆ ನಾವು ನಾಲ್ಕೈದು ಜನ ದುಡ್ಡು ಸೇರಿಸಿ ಮಂಡಿಪೇಟೆ ಕಡೆಯಿಂದ ಒಂದು ಚಿಲಕ ತಂದು ಹೊಡೆಸಿದೆವು. ಟೀ ಖರ್ಚಿಗಿಂತ ದೊಡ್ಡದೇನಲ್ಲ. ಮೊಬೈಲನ್ನು ಕೊಳದ ಹೊರಬಾಗಿಲ ಹತ್ತಿರವೇ ಇಡಬೇಕು ಅಂತ ಬೋರ್ಡು ಬರೆಸಲು ಇನ್ನಷ್ಟು ಜಗಳ ಆಡಬೇಕಾಯಿತು. ಆ ಬೇಸಿಗೆಯಲ್ಲೇ ದಂಡೆಯಲ್ಲಿ ಕೂರುತ್ತಿದ್ದ ಸುಮಾರು ತಾಯಂದಿರು ನೀರಿಗೆ ಬಂದರು. ಅವರ ಹೊಟ್ಟೆ ಕರಗಿರಲಿಲ್ಲ, ಅವರು ಯಾವ ರೀಲೂ ನೋಡಿ ಬಂದವರಲ್ಲ. ಬಾಗಿಲು ಹಾಕಿಕೊಳ್ಳುತ್ತಿತ್ತು, ಬಂದರು.

ಹಾಗಂತ ಬಟ್ಟೆಯ ಮಾತೇ ಬೇಡ ಅನ್ನುವುದಿಲ್ಲ. ನಾನು ಟೈಲರ್, ಬಿಡುವುದುಂಟಾ?

ನಮ್ಮದು ಹತ್ತಿ ಮಿಲ್ಲುಗಳ ಊರು, ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಆದರೆ ಕೊಳದಲ್ಲಿ ಹತ್ತಿ ಬಟ್ಟೆ ಬೇಡ ಅನ್ನುತ್ತಾರೆ, ಅದು ಸರಿಯೇ. ಹತ್ತಿ ನೀರು ಕುಡಿದು ಭಾರ ಆಗುತ್ತದೆ, ಕೈಕಾಲು ಎಳೆಯುತ್ತದೆ. ಅದರ ಎಳೆ ಬಿಟ್ಟು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಯಲ್ಲಿರುವ ಬೆವರು ಕ್ಲೋರಿನ್ ಜೊತೆ ಸೇರಿದರೆ ಕಣ್ಣು ಉರಿಯುತ್ತದೆ, ಆ ಘಾಟು ವಾಸನೆಯೂ ಬರುತ್ತದೆ. ರೆಸಾರ್ಟಿಗೆ ಹೋದಾಗ ನೈಟಿಯಲ್ಲೋ, ಚೂಡಿದಾರ್ ವೇಲಿನ ಸಮೇತವೋ ನೀರಿಗೆ ಇಳಿಯುವವರನ್ನು ನೋಡಿದ್ದೇನೆ. ಮರ್ಯಾದೆಗೆ ಅಂತ ಹಾಕಿಕೊಂಡದ್ದು ಮೈಗೆ ಅಂಟಿ ಇನ್ನೂ ಮುಜುಗರ ಮಾಡುತ್ತದೆ. ಅದು ಹೋಗಲಿ, ವೇಲು ಕುತ್ತಿಗೆಗೋ ಕಾಲಿಗೋ ಸುತ್ತಿಕೊಂಡರೆ ಜೀವಕ್ಕೇ ಅಪಾಯ.

ತಾಯಂದಿರು ಮಾಡುವ ಇನ್ನೊಂದು ಕೆಲಸ, ಹೊಟ್ಟೆ ಮುಚ್ಚಲಿ ಅಂತ ಒಂದು ಸೈಜು ದೊಡ್ಡದು ತೆಗೆದುಕೊಳ್ಳುವುದು. ಚೌಕಿಪೇಟೆಯಲ್ಲಿ ಸೀರೆ ಬ್ಲೌಸಿಗೆ ಮಾರ್ಜಿನ್ ಬಿಡಿಸಿದ ಹಾಗೆ ಇಲ್ಲಿ ನಡೆಯುವುದಿಲ್ಲ. ಸಡಿಲ ಈಜುಡುಪಿನ ಒಳಗೆ ನೀರು ತುಂಬಿ ಜೋತು ಬೀಳುತ್ತದೆ, ಕುತ್ತಿಗೆಯ ಹತ್ತಿರ ಬಾಯಿ ಬಿಡುತ್ತದೆ. ಒಣಗಿದ್ದಾಗ ಮೈಗೆ ಸರಿಯಾಗಿ ಹಿಡಿದು ಕೂರಬೇಕು. ಹಾಕಿಕೊಂಡು ಎರಡೂ ಕೈ ಮೇಲೆತ್ತಿ, ಕುಕ್ಕರುಗಾಲಲ್ಲಿ ಕೂತು, ಬಗ್ಗಿ ನೋಡಿ. ಎಲ್ಲೂ ಸರಿಮಾಡಿಕೊಳ್ಳಬೇಕು ಅನ್ನಿಸಬಾರದು. ಫ್ರಾಕ್ ತರಹದ್ದು ಇಷ್ಟವಾದರೆ ಅದರೊಳಗಿನ ಚಡ್ಡಿಯನ್ನು ಮೊದಲು ನೋಡಿ, ಯಾಕೆಂದರೆ ನೀರಿಗೆ ಇಳಿದ ಕೂಡಲೇ ಫ್ರಾಕು ಕೊಡೆಯ ಹಾಗೆ ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ. ತೆಳು ಬಣ್ಣದ್ದು ಬೇಕೇ ಬೇಕಾದರೆ ಪೂರ್ತಿ ಲೈನಿಂಗ್ ಇರಲಿ. ಲೈಕ್ರಾ ಅನ್ನುವ ಹಿಗ್ಗುವ ಎಳೆಯನ್ನು ಕ್ಲೋರಿನ್ ತಿನ್ನುತ್ತದೆ, ವಾರಕ್ಕೆ ಹಲವು ಸಲ ಹೋಗುವವರಿಗೆ ಪಾಲಿಯೆಸ್ಟರ್ ಬಟ್ಟೆಯದು ಹೆಚ್ಚು ದಿನ ಬರುತ್ತದೆ. ಮನೆಗೆ ಬಂದು ಬರೀ ನೀರಲ್ಲಿ ಜಾಲಿಸಿ, ಹಿಂಡದೆ ನೆರಳಲ್ಲಿ ಒಣಹಾಕಿ. ಹೊಲಿಸುವವರಿದ್ದರೆ ಟೈಲರಿಗೆ ಬಾಲ್ ಪಾಯಿಂಟ್ ಸೂಜಿ, ಝಿಗ್‌ಝ್ಯಾಗ್ ಹೊಲಿಗೆ ಅಂತ ಹೇಳಿ. ಮಾಮೂಲಿ ನೇರ ಹೊಲಿಗೆ ಹಾಕಿದರೆ ಮೊದಲ ಸಲ ಕೈ ಬೀಸಿದಾಗಲೇ ಪಟ್ ಅಂತ ಬಿಟ್ಟುಕೊಳ್ಳುತ್ತದೆ.

ನಾನು ಹಾಕುವುದು ಮೊಣಕೈವರೆಗೆ ತೋಳು, ಮೊಣಕಾಲಿನವರೆಗೆ ಕಾಲು ಇರುವ ಒಂದೇ ಪೀಸಿನದು. ಇದನ್ನು ನೋಡಿ ಬೆಂಗಳೂರಿನ ನನ್ನ ಗೆಳತಿ, "ಇನ್ನೂ ನಾಚಿಕೆ ಬಿಟ್ಟಿಲ್ಲ ನೀನು" ಅಂದಳು. ಬಿಟ್ಟಿಲ್ಲ ನಿಜ. ನಾಚಿಕೆ ಇಟ್ಟುಕೊಂಡೇ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹೋಗಿ ಬರುತ್ತೇನೆ. ನಾಚಿಕೆ ಪೂರ್ತಿ ಹೋಗಲಿ ಅಂತ ಕಾದಿದ್ದರೆ ಇಷ್ಟು ಹೊತ್ತಿಗೂ ದಂಡೆಯಲ್ಲೇ ಇರುತ್ತಿದ್ದೆ. ನಮ್ಮ ಬ್ಯಾಚಿನಲ್ಲಿ ತೋಳಿಲ್ಲದ ಈಜುಡುಪು ಹಾಕುವ ಡಾಕ್ಟರ್ ಒಬ್ಬರಿದ್ದಾರೆ, ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು ಬರುವ ಉರ್ದು ಟೀಚರ್ ಇದ್ದಾರೆ. ನೀರಿನಲ್ಲಿ ಇಬ್ಬರೂ ಮಾತಾಡುವುದು ಮಕ್ಕಳ ಎಸ್ಸೆಸ್ಸೆಲ್ಸಿ ಬಗ್ಗೆ.

ಮನೆಯಲ್ಲಿ ಹೇಳುವಾಗ ಅತ್ತೆಯವರು ಏನನ್ನುತ್ತಾರೋ ಅಂತ ಸ್ವಲ್ಪ ಅಳುಕಿತ್ತು. ಅವರ ತವರು ಹರಿಹರದ ಕಡೆ ಹಳ್ಳಿ. ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಂತೆ, ಅವತ್ತೇ ನನಗೆ ಗೊತ್ತಾದದ್ದು. ಲಂಗ ಎತ್ತಿ ಕಚ್ಚೆ ಹಾಕಿ ಮೇಲಿಂದ ಧುಮುಕುತ್ತಿದ್ದರಂತೆ. "ಯಾರೂ ನೋಡ್ತಿರಲಿಲ್ವಾ ಅತ್ತೆ?" ಅಂದೆ. "ಯಾರು ನೋಡ್ತಿದ್ರು? ಎಮ್ಮಿ ನೋಡ್ತಿದ್ವು" ಅಂದರು. ದೊಡ್ಡವಳಾದ ಮೇಲೆ ಬಿಡಿಸಿದರಂತೆ. ಆಮೇಲೆ ನದಿಯ ಪಕ್ಕದಲ್ಲೇ ಅಷ್ಟು ವರ್ಷ ಬಾಳಿದರೂ ಒಮ್ಮೆಯೂ ಇಳಿದಿಲ್ಲ.

ಈ ಬಿಡಿಸುವುದು ಇವತ್ತಿಗೂ ನಿಂತಿಲ್ಲ. ಆರೇಳನೇ ಕ್ಲಾಸಿನವರೆಗೆ ಕ್ಯಾಂಪಿನಲ್ಲಿ ಹುಡುಗಿಯರು ಹುಡುಗರಷ್ಟೇ ಇರುತ್ತಾರೆ. ಆಮೇಲೆ ಒಬ್ಬೊಬ್ಬರೇ ಕಾಣೆ. ಮಗಳಿಗೆ ನಾವು ಬೇಡ ಅಂದಿಲ್ಲ, ಅವಳೇ ಬಿಟ್ಟಳು ಅನ್ನುತ್ತಾರೆ ತಾಯಂದಿರು. ಅವಳು ಅಷ್ಟು ವರ್ಷ ದಂಡೆಯ ಮೇಲೆ ಅಮ್ಮನನ್ನು ನೋಡಿದ್ದಾಳೆ ತಾನೇ? ಹೆಂಗಸಾದ ಮೇಲೆ ಕೂರುವ ಜಾಗ ಯಾವುದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಾರಾ ಟೋರೆಸ್ 41ನೇ ವಯಸ್ಸಿಗೆ, ಎರಡು ವರ್ಷದ ಮಗಳ ತಾಯಿಯಾಗಿ, ಮೂರು ಬೆಳ್ಳಿ ಗೆದ್ದಳು. ಅದು ದೂರದ ಮಾತು, ಪದಕ ನಮಗೆ ಬೇಡ. ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದವರು, ಈಗ ಅವರೂ ತಾಯಿ, ಇವತ್ತಿಗೂ ಈಜು ಕಲಿಸುತ್ತಾರೆ. ಅಂಥ ಒಬ್ಬ ಹೆಣ್ಣು ಕೋಚ್ ನಮ್ಮೂರಲ್ಲೂ ಇದ್ದರೆ ಎಷ್ಟು ಹುಡುಗಿಯರು ಉಳಿಯುತ್ತಿದ್ದರು.

ಇದೆಲ್ಲ ಶೋಕಿ ಅನ್ನುವವರಿಗೆ ಒಂದು ಮಾತು. ನಮ್ಮ ಸುತ್ತ ಎಷ್ಟು ನೀರಿದೆ ನೋಡಿ. ಭದ್ರಾ ನಾಲೆ, ಹರಿಹರದಲ್ಲಿ ತುಂಗಭದ್ರೆ, ಚನ್ನಗಿರಿ ಕಡೆ ಸೂಳೆಕೆರೆ, ಚಿತ್ರದುರ್ಗದ ಕಡೆ ವಾಣಿವಿಲಾಸ ಸಾಗರ. 2022ರಲ್ಲಿ ವಾಣಿವಿಲಾಸ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಸುತ್ತಲ ಊರೆಲ್ಲಾ ಮಕ್ಕಳು ಮರಿ ಕಟ್ಟಿಕೊಂಡು ನೋಡಲು ಹೋಗಿತ್ತು. ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕಿಂತ ಹೆಚ್ಚು ಜನ ಮುಳುಗಿ ಸಾಯುತ್ತಾರೆ ಅಂತ ಸರ್ಕಾರದ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕವೇ ಹೇಳುತ್ತದೆ. ಪೇಪರಿನಲ್ಲಿ ಓದಿರುತ್ತೀರಿ: ನಾಲೆಯಲ್ಲಿ ಬಟ್ಟೆ ಒಗೆಯಲು ಹೋದ ತಾಯಿ, ಜಾರಿ ಬಿದ್ದ ಮಗುವನ್ನು ಹಿಡಿಯಲು ಹೋಗಿ ತಾನೂ ಮುಳುಗಿದಳು. ಈಜು ಬರುವ ತಾಯಿಗೂ ಹರಿಯುವ ನಾಲೆ ಸುಲಭ ಅಲ್ಲ, ಅದು ಕೊಳ ಅಲ್ಲ. ಆದರೆ ಉಸಿರು ಹಿಡಿಯುವುದು, ತೇಲುವುದು, ಹಗ್ಗವೋ ಸೀರೆಯೋ ಎಸೆದು ದಂಡೆಯಿಂದಲೇ ಎಳೆಯುವುದು ಇವೆಲ್ಲ ನೀರಿನ ಪರಿಚಯ ಇದ್ದವರಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಹೊಳೆಯುತ್ತವೆ.

ಹಾಗಾಗಿ ಊರಿನ ಕೊಳ ನಡೆಸುವವರಿಗೆ, ಸಮ್ಮರ್ ಕ್ಯಾಂಪ್ ಮಾಡುವವರಿಗೆ ನನ್ನ ಪಟ್ಟಿ ಚಿಕ್ಕದು. ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಕೋಣೆಯಿಂದ ನೀರಿಗೆ ಮರೆಯ ದಾರಿ. ಮೊಬೈಲ್ ಹೊರಬಾಗಿಲ ಹತ್ತಿರ. ತಂಪು ಹೊತ್ತಿನಲ್ಲಿ ಒಂದು ಲೇಡೀಸ್ ಬ್ಯಾಚ್, ಅದಕ್ಕೆ ಹೆಣ್ಣು ಕೋಚ್. ನಮ್ಮ ಧೈರ್ಯದ ಚಿಂತೆ ನಿಮಗೆ ಬೇಡ.

ನಿಮ್ಮ ಏರಿಯಾದ ಕೊಳದಲ್ಲಿ ಲೇಡೀಸ್ ಬ್ಯಾಚ್ ಎಷ್ಟು ಗಂಟೆಗೆ, ಬಾಗಿಲು ಹೇಗಿದೆ ಅಂತ ಕಾಮೆಂಟಿನಲ್ಲಿ ಬರೆಯಿರಿ. ದಾವಣಗೆರೆ, ಹರಿಹರ, ದುರ್ಗದ್ದು ಎಲ್ಲಾ ಸೇರಿಸಿ ಒಂದು ಮನವಿ ಬರೆದು ಏಪ್ರಿಲ್‌ಗೆ ಮೊದಲೇ ಕೊಟ್ಟು ಬರೋಣ. ಬಿಕಿನಿ ಸರಿಯೋ ತಪ್ಪೋ ಅಂತ ಜಗಳ ಆಡುವವರು ದಯವಿಟ್ಟು ಬೇರೆ ಪೋಸ್ಟ್ ನೋಡಿಕೊಳ್ಳಿ, ನನಗೆ ಮದುವೆ ಸೀಸನ್ನಿನ ಬ್ಲೌಸುಗಳು ಬಾಕಿ ಇವೆ.