ಕಿಟಕಿಯಿಂದ ಹಾರಿಹೋದ ತಾಮ್ರದ ಪಾತ್ರೆ

ಹದಿನೈದು ದಿನದಿಂದ ರಾತ್ರಿ ಊಟವಾದ ಮೇಲೆ ಒಂದೇ ಪುಸ್ತಕ ಹಿಡಿದು ಕೂತಿದ್ದೆ. ಇ. ಇ. ಸ್ಮಿತ್ ಮತ್ತು ಲೀ ಹಾಕಿನ್ಸ್ ಗಾರ್ಬಿ ಬರೆದ ‘ದಿ ಸ್ಕೈಲಾರ್ಕ್ ಆಫ್ ಸ್ಪೇಸ್’ ಎಂಬ ಬಾಹ್ಯಾಕಾಶ ಯಾನದ ಕಾದಂಬರಿ. 1928ರ ಆಗಸ್ಟ್‌ನಿಂದ ಮೂರು ಕಂತಿನಲ್ಲಿ ಅಮೆರಿಕದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ ಬಂದದ್ದು. ಮರದ ತಿರುಳಿನ ಅಗ್ಗದ ಕಾಗದದ ಪತ್ರಿಕೆಗಳು, ಅದಕ್ಕೇ ‘ಪಲ್ಪ್’ ಅನ್ನುವ ಹೆಸರು. ‘ಇಂಥ ಹಳೇ ಸರಕು ಈಗ ಯಾರಿಗೆ ಬೇಕು ಮಾರಾಯ’ ಅಂದ ಗೆಳೆಯನಿಗೆ ಫೋನಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಮೊದಲ ಪುಟವನ್ನೇ ನೋಡಿ. ವಾಷಿಂಗ್ಟನ್‌ನ ಪ್ರಯೋಗಾಲಯ. ಸೀಟನ್ ಎಂಬ ರಸಾಯನ ವಿಜ್ಞಾನಿ ಹೆಸರಿಲ್ಲದ ಲೋಹವೊಂದರ ದ್ರಾವಣಕ್ಕೆ ವಿದ್ಯುತ್ ಹಾಯಿಸುತ್ತಿದ್ದಾನೆ. ಬೀಕರನ್ನು ಎತ್ತಿದ್ದೇ ತಡ, ಅದರಡಿಯಿದ್ದ ತಾಮ್ರದ ಪಾತ್ರೆ ಜೀವ ಬಂದಂತೆ ನೆಗೆದು, ಮೇಜಿನ ಮೇಲಿನ ಬಾಟಲಿಗಳನ್ನೆಲ್ಲ ಒಡೆದು, ತೆರೆದ ಕಿಟಕಿಯಿಂದ ಹೊರಗೆ! ಅವನು ಬೆಪ್ಪಾಗಿ ನೋಡುತ್ತ ನಿಂತಿದ್ದಾನೆ. ಆ ಶಕ್ತಿಯಿಂದಲೇ ಮುಂದೆ ಅವನ ನೌಕೆ ನಕ್ಷತ್ರಗಳತ್ತ ಹಾರುತ್ತದೆ. ಓದುತ್ತಿದ್ದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಬಚ್ಚಲುಮನೆಯ ಹಂಡೆ. ಅದು ಹೆಂಚು ಹಾರಿಸಿಕೊಂಡು ಆಕಾಶಕ್ಕೆ ಹೋದರೆ ಹೇಗಿರುತ್ತದೋ ಹಾಗೆ.

ಸ್ಮಿತ್ ಆಹಾರ ರಸಾಯನ ವಿಜ್ಞಾನಿ, ಡೋನಟ್ ಹಿಟ್ಟಿನ ಮಿಶ್ರಣ ಮಾಡುತ್ತಿದ್ದವರು. ಅವರ ಬಾಹ್ಯಾಕಾಶಕ್ಕೆ ಲ್ಯಾಬಿನ ವಾಸನೆಯಿದೆ. ದೂರದ ಗ್ರಹದ ಕಡಲಿನಲ್ಲಿರುವುದು ಅಮೋನಿಯಾ ಬೆರೆತ ತಾಮ್ರದ ಸಲ್ಫೇಟ್. ಪಿಯುಸಿಯಲ್ಲಿ ಮೈಲುತುತ್ತದ ದ್ರಾವಣಕ್ಕೆ ಅಮೋನಿಯಾ ಹನಿಸಿ, ಟೆಸ್ಟ್‌ಟ್ಯೂಬನ್ನು ಬೆಳಕಿಗೆ ಹಿಡಿದವರಿಗೆ ಆ ನೀಲಿ ಗೊತ್ತು. ಅಂಥದ್ದೊಂದು ಸಮುದ್ರ! ಅದನ್ನು ಓದಿ ಫೋನು ಬದಿಗಿಟ್ಟು ಸುಮ್ಮನೆ ಕೂತೆ.

1926ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗಾಡರ್ಡ್ ಹಾರಿಸಿದ ಮೊದಲ ದ್ರವ ಇಂಧನದ ರಾಕೆಟ್ 41 ಅಡಿ ಏರಿ, ಎರಡೂವರೆ ಸೆಕೆಂಡಿನಲ್ಲಿ ಎಲೆಕೋಸಿನ ಹೊಲಕ್ಕೆ ಬಿತ್ತು. ಸ್ಮಿತ್ ಬರೆಯಲು ಶುರುಮಾಡಿದ್ದು ಅದಕ್ಕೂ ಮೊದಲು, 1915ರಲ್ಲಿ. ಕಥೆಯ ನೌಕೆಯಲ್ಲಿ ಪ್ರಶ್ನೆ ಏಳುತ್ತದೆ: ಬೆಳಕಿಗಿಂತ ವೇಗವಾಗಿ ಹೋಗಿಬಿಟ್ಟೆವಲ್ಲ, ಹಾಗೆ ಹೋಗಲಾಗದು ಅಂತ ಐನ್‌ಸ್ಟೈನ್ ಹೇಳಿದ್ದು? ಅದು ಬರೀ ಸಿದ್ಧಾಂತ, ನಾವು ಬಂದಿರುವುದು ಕಣ್ಣೆದುರಿನ ಸತ್ಯ ಅನ್ನುವ ಅರ್ಥದ ಮಾತಾಡಿ ಸೀಟನ್ ಮುಂದಕ್ಕೆ ಹೋಗುತ್ತಾನೆ. ಭೌತಶಾಸ್ತ್ರ ತಪ್ಪು, ಆದರೆ ಆ ಧೈರ್ಯ ನನಗೆ ಇಷ್ಟ.

ಇಷ್ಟವಾಗದ್ದೂ ಬೇಕಾದಷ್ಟಿದೆ. ಖಳನನ್ನು ಬಿಟ್ಟರೆ ಪಾತ್ರಗಳೆಲ್ಲ ರಟ್ಟಿನ ಗೊಂಬೆಗಳು. ಜಪಾನಿ ಆಳು ಶಿರೋನ ಬಾಯಲ್ಲಿ ಇಟ್ಟಿರುವ ಮುರುಕು ಇಂಗ್ಲಿಷ್ ಓದುವಾಗ ಮೈ ಪರಚಿಕೊಳ್ಳುವಂತಾಗುತ್ತದೆ. 1930ರಲ್ಲಿ ಬಂದ ಇದರ ಮುಂದಿನ ಕಾದಂಬರಿಯಲ್ಲಂತೂ ಸೀಟನ್ ಮತ್ತು ಸಂಗಡಿಗರು ಇಡೀ ಒಂದು ಜನಾಂಗದ ಗ್ರಹವನ್ನೇ ಸ್ಫೋಟಿಸಿ, ತಪ್ಪಿಸಿಕೊಂಡವರ ನೌಕೆಯನ್ನೂ ಬೆನ್ನಟ್ಟಿ ಸುಡುತ್ತಾರೆ. ‘ಆ ಕಾಲವೇ ಹಾಗಿತ್ತು’ ಅನ್ನುವ ಸಮಾಧಾನವನ್ನು ನಾನು ಒಪ್ಪುವುದಿಲ್ಲ. 1898ರಲ್ಲೇ ಎಚ್. ಜಿ. ವೆಲ್ಸ್ ಮಂಗಳ ಗ್ರಹದವರ ದಾಳಿಯ ಕಥೆ ಹೇಳುವಾಗ, ಟಾಸ್ಮೇನಿಯಾದ ಮೂಲನಿವಾಸಿಗಳ ಮೇಲೆ ಯುರೋಪಿನವರು ನಡೆಸಿದ ಹತ್ಯಾಕಾಂಡವನ್ನು ಮೊದಲ ಅಧ್ಯಾಯದಲ್ಲೇ ನೆನಪಿಸಿದ್ದರು. ನೋಡಬೇಕೆಂದವರಿಗೆ ಕಾಣುತ್ತಿತ್ತು.

ಹಾಗಂತ ತಿದ್ದಿ ನಯ ಮಾಡಿದ ಪಠ್ಯ ನನಗೆ ಬೇಡ. ನಿಲ್ಲದೆ ಮುಂದಕ್ಕೆ ಹೋಗುವ ಆ ಹುಮ್ಮಸ್ಸೇ ನಕ್ಷತ್ರಗಳನ್ನೂ ತೋರಿಸಿತು, ಗ್ರಹವನ್ನೂ ಸುಟ್ಟಿತು. ಎರಡನ್ನೂ ಒಟ್ಟಿಗೆ ಓದಬೇಕು. 1958ರಲ್ಲಿ ಸ್ಮಿತ್ ತಾವೇ ಕಾದಂಬರಿಯನ್ನು ಪರಿಷ್ಕರಿಸಿದರು. ಆ ಆವೃತ್ತಿಯಲ್ಲಿ ಗಾರ್ಬಿಯವರ ಹೆಸರೇ ಇಲ್ಲ. ಪ್ರೇಮದ ಭಾಗಗಳು ತಮ್ಮ ಕೈಗೆ ಒಗ್ಗುವುದಿಲ್ಲವೆಂದು ಸ್ಮಿತ್ ನೆರವು ಪಡೆದದ್ದು ಅವರಿಂದಲೇ. ಇದು ನನಗೆ ತುಂಬ ನೋವಿನ ಸಂಗತಿ.

1928ರ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತದೆ. ನಾನು ಫೋನಿನಲ್ಲಿ ಓದಿದ್ದೂ ಅದನ್ನೇ. ಅದರಲ್ಲಿ ಇಬ್ಬರ ಹೆಸರೂ ಇದೆ.